ಚಪ್ಪಟೆ ತಲೆಯ ಮೂರು

ಹುಲಿಗೆಪ್ಪನಿಗೆ ಓದಲು ಬಾರದು, ಬರೆಯಲು ಬರುತ್ತದೆ. ನಗಬೇಡಿ, ನಿಜವೇ ಹೇಳುತ್ತಿದ್ದೇನೆ. ವಾಸ್ಕೋ ರೈಲು ಯಾರ್ಡಿನಲ್ಲಿ ಮೀಟರ್‌ಗೇಜ್ ಗಾಡಿಗಳಿದ್ದ ಕಾಲಕ್ಕೆ ಹದಿನಾಲ್ಕು ವರ್ಷ ಡಬ್ಬಿಗಳ ಮೇಲೆ ನಂಬರು, ಅಕ್ಷರ ಬರೆದ ಗುತ್ತಿಗೆಯ ಪೇಂಟರ್ ಅವನು. ತಗಡಿನ ಅಚ್ಚು ಒತ್ತಿಹಿಡಿದು ಬಣ್ಣ ಬಳಿಯುವುದು, ಅಚ್ಚು ಬಿಟ್ಟ ಸಂದುಗಳನ್ನು ಕುಂಚದಿಂದ ಮುಚ್ಚುವುದು. ಅಕ್ಷರವೆಂದರೆ ಅವನಿಗೆ ಬರೀ ಆಕಾರ. ದೊಡ್ಡ ಗೇಜು ಬಂದಾಗ ಅವನನ್ನು ಬಿಡಿಸಿದರು. ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದವನನ್ನು ಬಿಡಿಸಲು ಒಂದು ಕಾಗದವೂ ಬೇಕಾಗಲಿಲ್ಲ.

ಈಗ ಎಪ್ಪತ್ತರ ಹುಲಿಗೆಪ್ಪ ಅದೇ ಊರಿನ ಬಾಯ್ನಾದಲ್ಲಿ ಸೊಸೆ ಅಂಬಿಕಾಳ ಸ್ಟಿಕರ್ ಅಂಗಡಿಯ ಮೂಲೆ ಹಿಡಿದು ಕೂತಿರುತ್ತಾನೆ. ಬೈಕಿನ ನಂಬರು, ದೋಣಿಯ ಹೆಸರು, ಎಲ್ಲವನ್ನೂ ಕಂಪ್ಯೂಟರೇ ಬರೆಯುತ್ತದೆ, ಮಷಿನ್ನೇ ಕತ್ತರಿಸುತ್ತದೆ.

ಆ ಅಂಗಡಿಗೆ ಒಂದು ದಿನ ಮಡಗಾಂವಿನ ಮಿನೇಜಿಸ್ ಸಾಹೇಬರು ಬಂದರು. ನಿವೃತ್ತ ಬ್ಯಾಂಕ್ ಅಧಿಕಾರಿ; ಹಳೆಯ ರೈಲುಗಳ ಗೇಣುದ್ದದ ಮಾದರಿಗಳನ್ನು ಮನೆಯಲ್ಲೇ ಕಟ್ಟುವ ಹುಚ್ಚು. ಕೈಯಲ್ಲಿದ್ದ ಹಳೆಯ ಫೋಟೋದ ಡಬ್ಬಿಯ ಮೇಲೆ ಇದ್ದಂಥದೇ ಫಾಂಟು ಹುಡುಕಿ, ಅಕ್ಕಿಕಾಳಿನಷ್ಟು ಸಣ್ಣ ಸ್ಟಿಕರ್ ಮಾಡಿಕೊಡಬೇಕಿತ್ತು. ಅಂಬಿಕಾ ಎರಡು ದಿನ ಕಣ್ಣು ಕೆಂಪು ಮಾಡಿಕೊಂಡು ಹುಡುಕಿದಳು. ಉಳಿದ ಅಂಕಿಗಳೆಲ್ಲ ಹೊಂದಿದವು, ಮೂರು ಮಾತ್ರ ಕೈಕೊಟ್ಟಿತು. ಫೋಟೋದ ಮೂರಕ್ಕೆ ಹೊಟ್ಟೆ ಗುಂಡು, ತಲೆ ಚಪ್ಪಟೆ. ಆ ತಲೆಯೂ ಎಡಕ್ಕೆ ತುಸು ವಾಲಿತ್ತು.

ಹುಲಿಗೆಪ್ಪ ಇಣುಕಿ ನೋಡಿ ನಕ್ಕುಬಿಟ್ಟ.

“ಇದು ಕಂಪ್ಯೂಟರ್‌ನ್ಯಾಗ ಎಲ್ಲಿ ಸಿಗತೈತಿ ಯವ್ವಾ? ನಾ ಬರದದ್ದು. ಅಚ್ಚಿನ ತಲಿ ತುಕ್ಕ ಹಿಡದ ಮುರದಿತ್ತು. ಹೊಸಾದ ಕೇಳಿದ್ರ ಕೊಡಲಿಲ್ಲ. ಎಣ್ಣಿ ಡಬ್ಬಿ ತಗಡ ಕತ್ತರಿಸಿ ಹಚ್ಚಿದ್ನಿ. ದುಂಡಗ ಕತ್ತರಸಾಕ ಬರಲಿಲ್ಲ, ನೆಟ್ಟಗ ಕತ್ತರಿಸಿದ್ನಿ.”

ಅಲ್ಲೇ ಕೂತು ಟ್ರೇಸಿಂಗ್ ಹಾಳೆಯ ಮೇಲೆ ಅದೇ ಮೂರನ್ನು ಬರೆದುಕೊಟ್ಟ. ಅಂಬಿಕಾ ಅದನ್ನು ಸ್ಕ್ಯಾನ್ ಮಾಡಿ, ಕುಗ್ಗಿಸಿ, ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದಳು. ಭೂತಗನ್ನಡಿ ಹಿಡಿದು ತಾಳೆ ನೋಡಿದ ಮಿನೇಜಿಸರು ಕುಣಿಯುವುದೊಂದು ಬಾಕಿ.

ಹುಲಿಗೆಪ್ಪ ತನಗೆ ಬರುವ ಅರ್ಧಂಬರ್ಧ ಕೊಂಕಣಿಯಲ್ಲಿ ತಗಡಿನ ಕಥೆ ಹೇಳಿದ. ಸಾಹೇಬರು ಅವನ ಭುಜ ತಟ್ಟಿ, ಈ ಮೂರು ಒಬ್ಬ ಇಂಗ್ಲಿಷ್ ಎಂಜಿನಿಯರನ ಹಳೆಯ ನಕ್ಷೆಯದು, ತಮ್ಮ ಮಾದರಿ ರೈಲಿನ ಬಳಗದವರೆಲ್ಲ ಚರ್ಚಿಸಿ ತೀರ್ಮಾನಿಸಿದ್ದಾರೆ ಎಂದರು. ತೀರ್ಮಾನವಂತೆ! ಬರೆದ ಕೈ ಎದುರಿಗೇ ಇತ್ತು, ಅದನ್ನು ಕೇಳುವ ಗೋಜಿಗೆ ಒಬ್ಬನೂ ಹೋಗಿರಲಿಲ್ಲ.

“ನನ್ನ ಹೆಸರ ಒಂದ ಹಾಕ್ರಿ ಸಾಹೇಬ್ರ. ಅಷ್ಟ ಸಾಕ್ರಿ,” ಎಂದು ಸೊಸೆಯ ಬಾಯಿಂದ ಹೇಳಿಸಿದ ಹುಲಿಗೆಪ್ಪ. ಜನ್ಮದಲ್ಲಿ ಅವನು ಯಾರ ಮುಂದೆಯೂ ಹೀಗೆ ಬೇಡಿದವನಲ್ಲ.

“ನೋಡೋಣ” ಎಂದರು ಸಾಹೇಬರು.

ತಿಂಗಳ ಮೇಲೆ ಮಡಗಾಂವಿನ ಫಾತೋರ್ಡಾದಲ್ಲಿ ಮಾದರಿ ರೈಲುಗಳ ಪ್ರದರ್ಶನ. ಹುಲಿಗೆಪ್ಪ ಇಸ್ತ್ರಿ ಅಂಗಿ ತೊಟ್ಟು ಸೊಸೆಯ ಜೊತೆ ಹೋದ. ಗಾಜಿನೊಳಗೆ ಸಾಹೇಬರ ಡಬ್ಬಿ, ಅದರ ಮೈಮೇಲೆ ಅವನ ಮೂರು. ಎದುರಿಗೆ ಒಂದು ಅಚ್ಚುಮಾಡಿದ ಚೀಟಿ.

“ಏನ ಬರದಾರವಾ? ಓದ.”

ಅಂಬಿಕಾ ಅದನ್ನು ಓದಲು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಕೆಳಗಿನ ಒಂದು ಪದದ ಮೇಲೆ ಬೆರಳಿಟ್ಟಳು. “ನಿಮ್ಮ ಹೆಸರ ಐತ್ರಿ ಮಾವಾರ. ಇಲ್ಲೇ ನೋಡ್ರಿ.”

ಹುಲಿಗೆಪ್ಪನ ಎದೆ ತುಂಬಿ ಬಂತು. ಬಗ್ಗಿ, ಆ ಪದದ ಒಂದೊಂದು ಗೆರೆಯನ್ನೂ ಕಣ್ಣಲ್ಲೇ ತಿದ್ದಿಕೊಂಡ. ಆ ಖುಷಿಯಲ್ಲೇ ಪಕ್ಕದ ಮೇಜಿಗೆ ನಡೆದ. ಅಲ್ಲಿ ಬೇರೆ ಯಾರದೋ ಎಂಜಿನ್ನು. ಅದರ ಚೀಟಿಯ ಕೆಳಗೂ ಅದೇ ಪದ. ಮುಂದಿನ ಮೇಜಿನ ಮೇಲೆ ಅದೇ. ಅದರಾಚೆಗೂ ಅದೇ. ಓದು ಬಾರದಿದ್ದರೇನು, ಎರಡು ಆಕಾರ ಒಂದೇ ಹೌದೋ ಅಲ್ಲವೋ ಎಂದು ಹೇಳಲು ಆ ಕಣ್ಣಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ತಿರುಗಿ ನೋಡಿದ. ಸೊಸೆಯ ಮೇಲೆ ಸಿಟ್ಟು ಬರಲಿಲ್ಲ, ಪಾಪ, ಅವಳು ತಲೆ ಎತ್ತದೆ ನಿಂತಿದ್ದಳು. ಇಬ್ಬರೂ ಬಾಗಿಲಿಗೆ ಬಂದರು.

“ಚಲೋ ಬರದಾರ,” ಎಂದ ಹುಲಿಗೆಪ್ಪ, ಚಪ್ಪಲಿ ಮೆಟ್ಟುತ್ತ. “ನಿನ್ನ ಮಕ್ಕಳನ್ನ ಮಾತ್ರ ಇಲ್ಲಿಗಿ ಕರಕೊಂಡ ಬರಬ್ಯಾಡವಾ. ಅವಕ್ಕ ಓದಾಕ ಬರತೈತಿ.”