ಒಂದು ಸಾಲು ಹೆಚ್ಚಾಯಿತು

ಹೊಸ ಬೆಂಚುಗಳ ನಡುವೆ ಆ ಹುಡುಗಿಯ ಊರುಗೋಲು ಸಿಕ್ಕಿಕೊಂಡಿತು. ಎಪ್ಪತ್ತರ ದಶಕದ ಕೊನೆ, ಬಿಕರ್ನಕಟ್ಟೆ ಕಡೆಯ ಒಂದು ಶಾಲೆ. ಬೆಂಚು ಮಾಡಿದವನು ನಾನೇ. ಯಾವ ಮಗುವೂ ನನ್ನ ಹಾಗೆ ನೆಲದಲ್ಲಿ ಕೂತು ಕಲಿಯಬಾರದೆಂದು, ಟೀಚರು ಹೇಳಿದ್ದಕ್ಕಿಂತ ಒಂದು ಸಾಲು ಹೆಚ್ಚು ಹಿಡಿಸಿ, ಕಾಲುಗಳನ್ನು ಸಿಮೆಂಟಿನಲ್ಲಿ ಕೂರಿಸಿದ್ದೆ. ನಡುವಿನ ದಾರಿಯಲ್ಲಿ ನಾನೇ ಒಮ್ಮೆ ನಡೆದು ನೋಡಿದ್ದೆ, ಅಷ್ಟೆ.

ಹುಡುಗಿ ಊರುಗೋಲು ಬಿಡಿಸಿಕೊಂಡು ನಕ್ಕಳು. "ಬೆಂಚು ಚೆಂದ ಉಂಟು ಮಾಮ. ನನಗೆ ಒಳಗೆ ಬರ್ಲಿಕ್ಕೆ ಮಾತ್ರ ಆಗುದಿಲ್ಲ."

"ಎಂತ ಆಚಾರ್ರೆ, ಕೋಳಿಗೂಡು ಕಟ್ಟಿದ್ದಾ?" ಎಂದರು ಟೀಚರು. ನನ್ನ ಕೆಲಸಕ್ಕೆ ಅದುವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ಸಿಟ್ಟು ಬಂತು. ಬೇಕಾದರೆ ನೀವೇ ಕೀಳಿಸಿ ಎಂದು ಹೇಳಿ ಬಂದುಬಿಟ್ಟೆ.

ವಾರ ಕಳೆದ ಮೇಲೆ ಮನಸ್ಸು ತಡೆಯದೆ ಹೋಗಿ ಆ ಸಾಲು ಕಿತ್ತು ದಾರಿ ಅಗಲ ಮಾಡಿದೆ. ಅಷ್ಟರಲ್ಲಿ, ಮಗಳು ಕ್ಲಾಸಿನ ಹೊರಗೆ ಜಗಲಿಯಲ್ಲಿ ಒಬ್ಬಳೇ ಕೂರುವುದನ್ನು ಕಂಡ ಆ ಹುಡುಗಿಯ ಅಪ್ಪ ಅವಳನ್ನು ಶಾಲೆ ಬಿಡಿಸಿ ಆಗಿತ್ತು.

ನಾಲ್ಕನೇ ಕ್ಲಾಸಿಗೇ ನನ್ನ ಶಾಲೆ ತಪ್ಪಿಸಿದರೆಂದು ಮನೆಯವರನ್ನು ಇವತ್ತಿಗೂ ದೂರುವವನು ನಾನು. ಅವಳಿಗೆ ದೂರಲಿಕ್ಕೆ ನನ್ನ ಹೆಸರು ಕೂಡ ಗೊತ್ತಿಲ್ಲ.