ಶುಕ್ರನ ಅಂಚಿನ ಗೆರೆ

ಫೆಬ್ರವರಿ 8, 2026, ಭಾನುವಾರ. ಸಂಜೆ 5.40ಕ್ಕೆ ಬರೆಯಲು ಕೂತೆ.

ನಿನ್ನೆ ಮಾಲೂರಿನಲ್ಲಿ ಇಳಿಯುವಾಗ ರೈಲಿನ ಬಾಗಿಲಲ್ಲಿ ನಿಂತಿದ್ದ ಒಬ್ಬರು ನನ್ನನ್ನು ಮಾತಾಡಿಸಿದರು. ಅವರ ಬೆನ್ನ ಹಿಂದೆ ಇಳಿಬಿಸಿಲು, ಮುಖ ಬರೀ ಕಪ್ಪು. ಪಕ್ಕಕ್ಕೆ ಸರಿದಾಗ ನೋಡಿದರೆ ನಮ್ಮ ಬೀದಿಯವರೇ. ಸೂರ್ಯನ ಮುಂದೆ ಹಾಯುವ ಗ್ರಹವೂ ಹಾಗೇ ಅಲ್ಲವೇ? ಬೆಳಗಿದ ಮೈ ಸೂರ್ಯನ ಕಡೆಗೆ. ನಮಗೆ ಕಾಣುವುದು ಅದರ ರಾತ್ರಿ. ಇಷ್ಟು ಸರಳ ಉತ್ತರ ನನಗೆ ಹೊಳೆದದ್ದು ಹದಿಮೂರು ವರ್ಷ ಎಂಟು ತಿಂಗಳು ತಡವಾಗಿ. ಲೆಕ್ಕದಲ್ಲಿ ಮಾತ್ರ ನಾನು ಚುರುಕು, ಓದುಗರೇ.

2012ರ ಜೂನ್ 6ರಂದು ಶುಕ್ರ ಸೂರ್ಯನನ್ನು ದಾಟುತ್ತಿದ್ದ. ಆಗ ನನಗೆ ಹನ್ನೆರಡು. ಸೂರ್ಯನನ್ನು ನೋಡುವ ಕಪ್ಪು ಕನ್ನಡಕ ಹಿಡಿದು ಶಿವಾರಪಟ್ಟಣದ ಸೋದರಮಾವನ ಕೆತ್ತನೆ ಶೆಡ್ಡಿಗೆ ಓಡಿದ್ದೆ. ಕಲ್ಲಿನ ಚಕ್ಕೆ ಸಿಡಿದು ಮಾವನ ಎಡಗಣ್ಣು ಮೊದಲೇ ಹೋಗಿತ್ತು. ಆದರೂ ಊರಲ್ಲಿ ಯಾರು ಕೆತ್ತಿದ ವಿಗ್ರಹವಾದರೂ ಕೊನೆಗೆ ಕಣ್ಣು ಬಿಡಿಸಲು ಅವರೇ ಬರಬೇಕಿತ್ತು. ನಾನು ಕೊಟ್ಟ ಕನ್ನಡಕ ಹಾಕಿ ಮೇಲೆ ನೋಡಿದರು.

"ಏನಮ್ಮಿ ಇದು, ಬೆಳ್ಳಿಚುಕ್ಕಿ ಅಂಗೆ ಹೊಳೀತೈತೆ, ಇಲ್ನೋಡಿದ್ರೆ ಕಾಡಿಗೆ ಬೊಟ್ಟು?"

"ಅದಕ್ಕೆ ಸ್ವಂತ ಬೆಳಕಿಲ್ಲ ಮಾವ."

"ಕಲ್ಲಿಗೈತಾ? ಎಂಥಾ ಕಪ್ಪು ಕಲ್ಲಾದ್ರೂ ಬಿಸಿಲಿಗೆ ಹಿಡಿದ್ರೆ ಅಂಚಲ್ಲಿ ಒಂದು ಗೆರೆ ಮಿಂಚ್ತದೆ. ನಿನ್ನ ಕನ್ನಡಕ ಅದನ್ನ ನುಂಗ್ತಾ ಐತೆ."

ಕನ್ನಡಕ ತೆಗೆದು ನೋಡಿದರು. ಕಣ್ಣಲ್ಲಿ ನೀರು ಸುರಿದರೂ ನೋಡಿದರು. ನಾನು ಬೇಡ ಎನ್ನಲಿಲ್ಲ, ಒಂದು, ಎರಡು ಎಂದು ಎಣಿಸಿದೆ. ನನ್ನ ಆಗಿನ ದಿನಚರಿಯಲ್ಲಿ ದುಂಡಗಿನ ಅಕ್ಷರದಲ್ಲಿದೆ: "8.12. ಮಾವ ಬರಿಗಣ್ಣು. 41ರವರೆಗೆ."

ಅವತ್ತಿನಿಂದ ಅವರು ನೋಡಿದ ಕಡೆಯೆಲ್ಲ ನಡುವೆ ಒಂದು ಕಪ್ಪು ಬೊಟ್ಟು. ಕಣ್ಣಿನ ಒಳಪರದೆ ಸುಟ್ಟಿದೆ, ಸರಿಹೋಗದು ಎಂದರು ಡಾಕ್ಟರು. ದಾರಿ ಕಾಣುತ್ತದೆ, ಊಟದ ತಟ್ಟೆ ಕಾಣುತ್ತದೆ. ಉಳಿ ಇಟ್ಟ ಜಾಗ ಕಾಣುವುದಿಲ್ಲ. ಆಮೇಲೆ ಕೆತ್ತಿದ್ದು ಇಪ್ಪತ್ತಮೂರು ವಿಗ್ರಹ. ಎಲ್ಲಕ್ಕೂ ಕಣ್ಣು ಬಿಡಿಸಿದ್ದು ಬೇರೆಯವರು. ಆ ಹೊತ್ತಿಗೆ ಮಾವ ಶೆಡ್ಡಿನ ಹೊರಗೆ ಹೋಗಿ ನಿಲ್ಲುತ್ತಿದ್ದರು. ಇಪ್ಪತ್ತನಾಲ್ಕನೆಯ ಕಲ್ಲು ಮುಟ್ಟಲಿಲ್ಲ.

ಇವತ್ತು ಮಾವನ ಬಳಿ ಹೋಗಿ ರೈಲಿನ ಬಾಗಿಲ ಮಾತು ಹೇಳಿದೆ. ಹೇಳಿದರೆ ಹಗುರಾದೀತು ಎಂದುಕೊಂಡಿದ್ದೆ.

"ಹಂಗಾದ್ರೆ, ಅಂಚಲ್ಲಿ ಗೆರೆ?"

"ಕಣ್ಣಿಗೆ ಕಾಣೋಂಥದ್ದು ಏನೂ ಇರ್ಲಿಲ್ಲ ಮಾವ."

"ಆ ಗೆರೆ ಕಂಡೆ ಅಂತ್ಲೇ ಇದ್ದೆ ಕಣಮ್ಮಿ ಇಷ್ಟು ವರ್ಷ. ಕಣ್ಣು ಹೋದ್ರೂ ಅದೊಂದು ಕಂಡೆ ಅಂತ. ನೀನು ಹೇಳ್ದೇ ಇದ್ದಿದ್ರೆ ಆಗ್ತಿತ್ತು."

ಕಣ್ಣೊಳಗಿನ ಇಷ್ಟು ಹಳೆಯ ಸುಟ್ಟ ಕಲೆ ಮಾಸಿದ್ದನ್ನು ಬಲ್ಲವರಿದ್ದರೆ ಬರೆಯಿರಿ. ಆ ಬೆಳಿಗ್ಗೆ ಶುಕ್ರನ ಅಂಚಿನಲ್ಲಿ ಗೆರೆಯೊಂದನ್ನು ಕಂಡವರಿದ್ದರೂ ಬರೆಯಿರಿ. ನಾನು ಹೇಳಿದ್ದು ತಪ್ಪೆಂದಾದರೆ ಅವತ್ತೇ ಹೋಗಿ ಅವರಿಗೆ ತಿಳಿಸುತ್ತೇನೆ.