ಸಿಂಹಮೀನಿಗೊಂದು ಮೂರಡಿ ಕೋಲು

ವಿಷದ ಮೀನು ಕೇಳಿಕೊಂಡು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ರೇಗುತ್ತದೆ. ಸಾಕುವ ಮೀನಿನಂಗಡಿ ಇಟ್ಟವನು ಹೀಗೆನ್ನಬಾರದು, ಆದರೂ ನಿಜ. ಇರಲಾರದೆ ಇರುವೆ ಬಿಟ್ಟುಕೊಳ್ಳುವ ಜನ. ಹೆಚ್ಚಿನವರಿಗೆ ನೆಂಟರೆದುರು ಜಂಬ ಕೊಚ್ಚಿಕೊಳ್ಳಬೇಕು, ಅಷ್ಟೇ. ಎಕ್ಸ್‌ರೇ ಅಕ್ಕ ಹಾಗಲ್ಲ. ಅವರ ಮನೆಗೆ ನೆಂಟರೇ ಬರುತ್ತಿರಲಿಲ್ಲ.

ಅಕ್ಕ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ದಿನಕ್ಕೆ ನಾನಾಡೋದು ಇಷ್ಟೇ ಮಾತು ಕಣ್ರೀ" ಎಂದು ಒಮ್ಮೆ ನಕ್ಕಿದ್ದರು. ನಾನೂ ತಮಾಷೆ ಅಂದುಕೊಂಡು ನಕ್ಕಿದ್ದೆ.

ನಾಲ್ಕು ವರ್ಷದ ಹಿಂದೆ ಅವರು ನನ್ನಲ್ಲಿ ಒಂದು ಸಿಂಹಮೀನು ಕೊಂಡರು. ಕೆಂಪು ಬಿಳಿ ಪಟ್ಟೆ, ಬೀಸಣಿಗೆಯಂಥ ರೆಕ್ಕೆ, ಬೆನ್ನ ಮೇಲೆ ಸಾಲು ಮುಳ್ಳು. ವಿಷವೆಲ್ಲ ಆ ಮುಳ್ಳಿನಲ್ಲಿ. ಚುಚ್ಚಿದರೆ ಜೀವ ಹೋಗುವುದು ಅಪರೂಪ, ಆದರೆ ಹೋದರೇ ವಾಸಿ ಅನ್ನಿಸುವಷ್ಟು ನೋವು. ತಡೆಯುವಷ್ಟು ಬಿಸಿನೀರಲ್ಲಿ ಕೈ ಅದ್ದಿಟ್ಟರೆ ಮೆಲ್ಲಗೆ ಇಳಿಯುತ್ತದೆ. "ಮನೇಲಿ ಒಬ್ಬರೇ ಇದ್ದಾಗ ತೊಟ್ಟಿಗೆ ಕೈ ಹಾಕಬೇಡಿ, ಪಕ್ಕದಲ್ಲಿ ಯಾರಾದರೂ ಇರಲೇಬೇಕು" ಎಂದು ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಹೇಳಿದೆ. ಮಿಕ್ಕವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ಅಕ್ಕ ಮಾತ್ರ "ಇರಲೇಬೇಕಾ?" ಎಂದು ಎರಡು ಸಲ ಕೇಳಿದರು.

ಹಾಗೆ ಸಿಕ್ಕಿದವರು ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್. ಹೆಂಡತಿ ಮಕ್ಕಳಿರುವ, ಯಾರ ತಂಟೆಗೂ ಹೋಗದ ಮನುಷ್ಯ. ಭಾನುವಾರ ಹತ್ತಕ್ಕೆ ಇಳಿದುಬಂದು, ಫ್ಲಾಸ್ಕಿನ ಬಿಸಿನೀರು ಪಕ್ಕಕ್ಕಿಟ್ಟುಕೊಂಡು ಕೂರುತ್ತಿದ್ದರು. ಅಕ್ಕ ತೋಳು ಮಡಿಸಿ ಗಾಜಿನ ಪಾಚಿ ಉಜ್ಜುತ್ತಿದ್ದರು. ಮೆಕ್ಯಾನಿಕ್ ವಾರವಿಡೀ ಯಾವ ಲಿಫ್ಟಿನಲ್ಲಿ ಯಾರು ಸಿಕ್ಕಿಹಾಕಿಕೊಂಡರು, ಹೇಗೆ ಅತ್ತರು ಎಂದು ಹೇಳುತ್ತಿದ್ದರು. ಅರ್ಧ ಗಂಟೆಯ ಕೆಲಸ ಹನ್ನೊಂದೂವರೆಯಾದರೂ ಮುಗಿಯುತ್ತಿರಲಿಲ್ಲ.

ಒಂದು ಸಲ ಮೀನು ಕಿರುಬೆರಳಿಗೆ ಚುಚ್ಚಿಯೇಬಿಟ್ಟಿತು. ಆ ಮನುಷ್ಯ ಒಂದು ಗಂಟೆ ಕದಲಲಿಲ್ಲವಂತೆ. ನೀರು ಆರಿದ ಹಾಗೆಲ್ಲ ತನ್ನ ಕೈಯಲ್ಲೇ ಬಿಸಿ ನೋಡಿ ಬದಲಾಯಿಸುತ್ತ, ಮಾತಾಡಿಸುತ್ತ ಕೂತಿದ್ದರಂತೆ. ಅಕ್ಕ ಅದನ್ನು ಮದುವೆಮನೆಯ ಸುದ್ದಿ ಹೇಳುವಂತೆ ಅರಳಿದ ಮುಖದಲ್ಲಿ ಹೇಳಿದರು. ಈಯಮ್ಮನಿಗೆ ತಲೆ ನೆಟ್ಟಗಿಲ್ಲ ಅಂದುಕೊಂಡೆ.

ಉದ್ದ ಹಿಡಿಯ ಬ್ರಷ್ಷು ನನ್ನ ಅಂಗಡಿಯಲ್ಲೇ ಇತ್ತು. ಮೂರು ಸಲ ತೋರಿಸಿದೆ. ಮೂರು ಸಲವೂ "ನನ್ನ ಕೈಗೆ ಹೊಂದಲ್ಲ ಬಿಡಿ" ಅಂದರು. ಜಿಪುಣಿ ಎಂದು ತೀರ್ಮಾನಿಸಿದೆ. ನನ್ನ ತಲೆಯಲ್ಲಿ ಟ್ಯೂಬ್‌ಲೈಟ್ ಹೊತ್ತುವುದು ಯಾವತ್ತೂ ತಡ.

ಮೊನ್ನೆ ಬೇಸಗೆಯಲ್ಲಿ ಆ ಮೆಕ್ಯಾನಿಕ್ ಅಂಗಡಿಗೆ ಬಂದರು. "ಅಕ್ಕನ ತೊಟ್ಟಿ ಎಷ್ಟು ಆಳ ಇದೆ ಸಾರ್? ಪಾಪ, ಪ್ರತಿ ವಾರ ನನ್ನ ದಾರಿ ಕಾಯ್ತಾ ಕೂತಿರ್ತಾರೆ. ಯಾರ ಹಂಗೂ ಇಲ್ಲದೆ ಮಾಡ್ಕೊಳ್ಳೋ ಹಾಗೆ ಒಂದು ಕೋಲು ಮಾಡಿಕೊಡೋಣ ಅಂತ." ಎಂಥ ಒಳ್ಳೇ ಮನುಷ್ಯ! ನಾನು ಉಬ್ಬಿಹೋಗಿ ಅಳತೆ ಕೊಟ್ಟೆ, ತುದಿಗೆ ಕಟ್ಟಲು ಸ್ಪಂಜನ್ನೂ ಪುಕ್ಕಟೆ ಕೊಟ್ಟೆ.

ಎರಡು ತಿಂಗಳಾದ ಮೇಲೆ ಅಕ್ಕ ತೊಟ್ಟಿಯ ನೀರಿಗೆ ಬೆರೆಸುವ ಉಪ್ಪು ಕೊಳ್ಳಲು ಬಂದರು. ಮುಖ ಬಾಡಿತ್ತು. ಕೋಲು ಹೇಗಿದೆ ಎಂದು ಹೆಮ್ಮೆಯಿಂದಲೇ ಕೇಳಿದೆ.

"ಚೆನ್ನಾಗಿದೆ. ಹತ್ತೂಕಾಲಕ್ಕೆಲ್ಲ ಕೆಲಸ ಮುಗಿಯುತ್ತೆ" ಅಂದರು. "ಆಮೇಲೆ ಇಡೀ ಭಾನುವಾರ ಹಾಗೇ ಬಿದ್ದಿರುತ್ತೆ."

ಆಗ ಹೊತ್ತಿತು ನನ್ನ ಟ್ಯೂಬ್‌ಲೈಟು. ಉಪ್ಪು ತೂಗುತ್ತಿದ್ದ ಕೈ ನಿಂತುಹೋಯಿತು.

"ಹೋದ ವಾರ ಅದನ್ನ ಮೊಣಕಾಲಿಗೆ ಕೊಟ್ಟು ಮುರಿದೆ" ಅಂದರು ಅಕ್ಕ. "ಮೇಲೆ ಹೋಗಿ, ತಾನಾಗೇ ಮುರಿದುಹೋಯ್ತು ಅಂತ ಸುಳ್ಳು ಹೇಳಿದೆ."

"ಅಯ್ಯೋ, ಸುಮ್ಮನೆ ಬನ್ನಿ ಅಂತ ಕರೀಬಾರದಿತ್ತೇನಕ್ಕ?"

"ಏನಂತ ಕರೀಲಿ? ವಿಷ ಇದ್ರೆ ಬರ್ತಾರೆ. ನಾನಿದ್ದೀನಿ ಅಂತ ಯಾರಾದ್ರೂ ಬರ್ತಾರೇನ್ರೀ?"

ನಾಲ್ಕು ವರ್ಷ ನನ್ನ ಮುಂದೆ ನಿಂತಿದ್ದ ಹೆಂಗಸು. ಒಂದು ದಿನ ಕೂತ್ಕೊಳ್ಳಿ ಅಂದವನಲ್ಲ ನಾನು. "ಮೆಕ್ಯಾನಿಕ್ ಏನಂದ್ರು?" ಎಂದು ಕೇಳಿದೆ.

"ಮುರಿದದ್ದಕ್ಕೆ ಅವರೇ ಕ್ಷಮೆ ಕೇಳಿದ್ರು, ಪಾಪ. ಅಲ್ಲೇ ಬಾಗಿಲಲ್ಲಿ ಕೂತು ಸ್ಟೀಲ್ ಪೈಪ್ ಹಾಕಿ ಹೊಸದೇ ಮಾಡಿಕೊಟ್ರು. 'ಇನ್ನು ಯೋಚನೆ ಬೇಡ ಅಕ್ಕಾ, ನೀವಿರೋವರೆಗೂ ಇದು ಮುರಿಯಲ್ಲ' ಅಂದ್ರು."